ತೆರೆಯ ಮೇಲಿನ ಪಾತ್ರವನ್ನು ವಿಚಾರಿಸುವ ಬಗೆ

ಬಳ್ಳಾರಿ, ಕೊಪ್ಪಳದ ಕಡೆಯ ದೊಡ್ಡಾಟ ನೋಡಿದವರಿಗೆ ಸಾರಥಿಯ ಪರಿಚಯವಿರುತ್ತದೆ. ಪಾತ್ರ ರಂಗಕ್ಕೆ ಬಂದೊಡನೆ ತಾವು ಯಾರು, ಯಾವ ಸ್ಥಳ, ಬಂದ ಕಾರಣವೇನು ಎಂದು ಅವನು ಕೇಳುತ್ತಾನೆ. ಪಾತ್ರ ತನ್ನ ಪ್ರವರವನ್ನು ತಾನೇ ಹೇಳಿಕೊಳ್ಳುತ್ತದೆ. ಸಿನಿಮಾದಲ್ಲಿ ಸಾರಥಿ ಇಲ್ಲದಿರುವುದರಿಂದ ಆ ಕೆಲಸ ನೋಡುಗರ ಪಾಲಿನದು. ಅದಕ್ಕೆ ವ್ಯಕ್ತಿತ್ವದ ಬಗೆ, ಮೂಲಮಾದರಿ ಎಂಬ ಎರಡು ಸಾಧನಗಳು ನೆರವಾಗುತ್ತವೆ. ಆದರೆ ಒಂದರ ಕೆಲಸವನ್ನು ಇನ್ನೊಂದಕ್ಕೆ ವಹಿಸಬಾರದು.

ವ್ಯಕ್ತಿತ್ವದ ಬಗೆ ಪಾತ್ರದ ಸ್ವಭಾವವನ್ನು ತಿಳಿಸುತ್ತದೆ. ಸ್ವಿಟ್ಜರ್ಲೆಂಡಿನ ಮನೋವಿಜ್ಞಾನಿ ಕಾರ್ಲ್ ಯೂಂಗ್ 1921ರಲ್ಲಿ ಪ್ರಕಟಿಸಿದ ವಿಚಾರಗಳನ್ನು ಆಧರಿಸಿ ಅಮೆರಿಕದ ಕ್ಯಾಥರೀನ್ ಬ್ರಿಗ್ಸ್ ಮತ್ತು ಅವರ ಮಗಳು ಇಸಬೆಲ್ ಮೈಯರ್ಸ್ ಅಂತರ್ಮುಖಿ-ಬಹಿರ್ಮುಖಿ ಮೊದಲಾದ ನಾಲ್ಕು ಜೋಡಿಗಳಿಂದ 16 ಬಗೆಗಳನ್ನು ರೂಪಿಸಿದರು. ಮೂಲಮಾದರಿಯಾದರೋ ಗುರು, ವಂಚಕ, ನಾಯಕ ಎಂದು ಕಥೆಯಲ್ಲಿ ಪಾತ್ರ ಹೊತ್ತಿರುವ ಹೊಣೆಯನ್ನು ತಿಳಿಸುತ್ತದೆ. ನಮ್ಮ ನಾಟ್ಯಪರಂಪರೆಯ ಧೀರೋದಾತ್ತ (ಗಂಭೀರ, ಉದಾರಿ), ಧೀರೋದ್ಧತ (ಗರ್ವಿ, ಸಿಟ್ಟಿನವ), ಧೀರಲಲಿತ (ಕಲಾಪ್ರಿಯ, ಸುಕುಮಾರ), ಧೀರಶಾಂತ (ಶಾಂತ ಸ್ವಭಾವದವ) ಎಂಬ ನಾಯಕರ ವಿಂಗಡಣೆ ಇವೆಲ್ಲಕ್ಕಿಂತ ಬಹಳ ಹಳೆಯದು. ಕನ್ನಡದ ನಾಯಕರಿಗೆ ಅದೇ ಹೆಚ್ಚು ಒಪ್ಪುತ್ತದೆಂದು ನನ್ನ ಅನುಭವ.

ಮೊದಲ ಸಲ ನೋಡುವಾಗ ಯಾವ ಹೆಸರನ್ನೂ ಅಂಟಿಸಬೇಡಿ. ಎರಡನೆಯ ಸಲ ಪಾತ್ರ ಮಾಡಿದ್ದನ್ನು ಒಂದು ಕಡೆ, ಇತರರು ಅದರ ಬಗ್ಗೆ ಆಡಿದ್ದನ್ನು ಇನ್ನೊಂದು ಕಡೆ ಬರೆದುಕೊಳ್ಳಿ. ಕಷ್ಟ ಬಂದಾಗ ಅದು ಒಂಟಿಯಾಗಿ ಕೂರುತ್ತದೆಯೋ, ಜನರ ನಡುವೆ ಹೋಗುತ್ತದೆಯೋ; ತೀರ್ಮಾನ ಮಾಡುವಾಗ ನ್ಯಾಯವನ್ನು ನೋಡುತ್ತದೆಯೋ, ಸಂಬಂಧವನ್ನೋ ಎಂದು ಕೇಳಿಕೊಳ್ಳಿ.

1972ರ ‘ನಾಗರಹಾವು’ ಚಿತ್ರದ ರಾಮಾಚಾರಿಯನ್ನೇ ತೆಗೆದುಕೊಳ್ಳಿ. ಸಿಟ್ಟು, ಹಠ, ಅವಮಾನವನ್ನು ಸಹಿಸದ ಗುಣ ಕಂಡು ಧೀರೋದ್ಧತನೆಂದು ಬರೆದು ಮುಗಿಸಬಹುದು. ಆದರೆ ಯಾರಿಗೂ ಬಗ್ಗದ ಅದೇ ಹುಡುಗ ಚಾಮಯ್ಯ ಮೇಷ್ಟ್ರ ಮಾತಿಗೆ ಕಟ್ಟುಬಿದ್ದು, ತಾನು ಪ್ರೀತಿಸಿದ ಅಲಮೇಲುವನ್ನೇ ಬಿಟ್ಟುಕೊಡುತ್ತಾನೆ. ಅಲ್ಲಿ ಬರೆದ ಬಗೆ ಸಾಲದಾಗುತ್ತದೆ. ಆ ಸಿಟ್ಟಿನ ತಳದಲ್ಲಿ ಒಬ್ಬರ ಮೆಚ್ಚುಗೆಗಾಗಿ ಏನನ್ನಾದರೂ ತೊರೆಯುವ ಹಸಿವಿದೆ. ಇನ್ನು ಮೇಷ್ಟ್ರು ಗುರುವಿನ ಸ್ಥಾನದಲ್ಲಿದ್ದರೂ ಅವರ ಉಪದೇಶದಿಂದಲೇ ಅಲಮೇಲುವಿನ ಬಾಳು ದಾರಿ ತಪ್ಪುತ್ತದೆ. ಇಂಥ ಕಡೆಗಳಲ್ಲೇ ಗುರುತು ಹಾಕಿ, ಆ ದೃಶ್ಯಗಳನ್ನು ಮತ್ತೆ ನೋಡಿ.

ಈ 16 ಬಗೆಗಳನ್ನು ಮನೆಯವರಿಗೆ, ಗೆಳೆಯರಿಗೆ ಹಚ್ಚಲು ಹೋಗಬೇಡಿ. ಬಗೆಯನ್ನು ಗುರುತಿಸುವ ಪರೀಕ್ಷೆಯನ್ನು ಮತ್ತೊಮ್ಮೆ ಬರೆದವರಿಗೆ ಬೇರೆ ಬಗೆ ಬರುವುದುಂಟು.

ನಮ್ಮ ಭಾಗದವರು ಇನ್ನೊಂದನ್ನು ಗಮನಿಸಬೇಕು. ಬಳ್ಳಾರಿ, ರಾಯಚೂರಿನ ಆಡುಮಾತನ್ನು ತೆರೆಯ ಮೇಲೆ ಹಲವು ಸಲ ಹಾಸ್ಯದವನಿಗೋ ರೌಡಿಗೋ ಕೊಟ್ಟಿರುತ್ತಾರೆ. ಮಾತಿನ ಧಾಟಿ ಕೇಳಿಯೇ ಒರಟನೆಂದು ನಾವೂ ತೀರ್ಮಾನಿಸಿಬಿಟ್ಟಿರುತ್ತೇವೆ. ಅನುಮಾನ ಬಂದರೆ ಶಬ್ದವನ್ನು ಪೂರ್ತಿ ತಗ್ಗಿಸಿ ಆ ದೃಶ್ಯವನ್ನು ನೋಡಿ, ಅವನ ಕಣ್ಣು, ಕೈ, ನಿಲುವು ಹೇಳುವುದನ್ನು ನಿಮ್ಮ ಹಾಳೆಗೆ ಸೇರಿಸಿ.