ಚೂರಿ ಯಾರ ಕೈಯಲ್ಲಿತ್ತು? ಚಹರೆ ಬರೆಯಲು ಕಲಿಸಿದ ನನ್ನ ಅನುಭವ

ದಾವಣಗೆರೆಯ ದಿನಪತ್ರಿಕೆಯೊಂದರಲ್ಲಿ ತಾಲ್ಲೂಕು ವರದಿಗಾರರ ಸುದ್ದಿ ತಿದ್ದುವುದು ನನ್ನ ಕೆಲಸ. ಕಾಣೆಯಾದವನು ನಮ್ಮ ಕಡೆಯವನಾದರೆ 'ಎಣ್ಣೆಗೆಂಪು ಮೈಬಣ್ಣ, ಕೋಲುಮುಖ, ಎಡಹುಬ್ಬಿನ ಮೇಲೆ ಹಳೆಯ ಗಾಯದ ಗುರುತು' ಎಂದು ಬರೆಯುವ ಕೈ, ಆಫ್ರಿಕಾದ ವಿದ್ಯಾರ್ಥಿಯಾದರೆ 'ನೀಗ್ರೋ' ಎಂದು, ಮಣಿಪುರದವನಾದರೆ 'ಚೀನಿ ಮುಖದವನು' ಎಂದು ಬರೆದು ನಿಂತುಬಿಡುತ್ತಿತ್ತು.

ಮೊದಲು ಬಳಸಬಾರದ ಪದಗಳ ಪಟ್ಟಿ ಹಂಚಿದೆ. 'ನೀಗ್ರೋ' ಹೋಗಿ 'ದೈತ್ಯಾಕಾರದ ವಿದೇಶಿ' ಬಂತು. ಬಳಿಕ ಚಹರೆಗೆ ನಮೂನೆಯೊಂದನ್ನು ಅಚ್ಚು ಹಾಕಿಸಿದೆ; ಸುಮಾರು ಎಂಟುನೂರು ರೂಪಾಯಿಯ ಆ ಕಾಗದ ತೆರೆದವರಿಲ್ಲ.

ಅಮೆರಿಕದಲ್ಲಿ 1940ರ ದಶಕದಲ್ಲಿ ಆಲ್‌ಪೋರ್ಟ್ ಮತ್ತು ಪೋಸ್ಟ್‌ಮನ್ ಎಂಬ ಮನೋವಿಜ್ಞಾನಿಗಳು ವದಂತಿ ಹರಡುವ ಬಗೆಯನ್ನು ತಿಳಿಯಲು ಮಾಡಿದ್ದ ಪ್ರಯೋಗವನ್ನು ಆಮೇಲೆ ಎತ್ತಿಕೊಂಡೆ. ಅವರ ಚಿತ್ರದಲ್ಲಿ ಕ್ಷೌರದ ಕತ್ತಿ ಇದ್ದದ್ದು ಬಿಳಿಯನ ಕೈಯಲ್ಲಿ. ಬಾಯಿಂದ ಬಾಯಿಗೆ ದಾಟುವಾಗ ಅದು ಹಲವು ಬಾರಿ ಕರಿಯನ ಕೈ ಸೇರಿತ್ತು. 'ನಮ್ಮ ಹುಡುಗರಿಗೆ ಇದೆಲ್ಲ ಯಾಕ್ರೀ' ಎಂದು ಕಚೇರಿಯ ಹಿರಿಯರು ನಕ್ಕರು. ನಾನು ಕೈಯಿಂದ ಸಾವಿರದೈನೂರು ಕೊಟ್ಟು ಬಸ್ ನಿಲ್ದಾಣದ ಚಿತ್ರ ಬರೆಸಿದೆ: ಬಿಳಿ ಅಂಗಿಯ, ಕನ್ನಡಕದ ಸ್ಥಳೀಯನ ಕೈಯಲ್ಲಿ ಚೂರಿ, ಪಕ್ಕದಲ್ಲಿ ಫೈಲು ಹಿಡಿದ ಕಪ್ಪುವರ್ಣದ ವಿದ್ಯಾರ್ಥಿ. ಮೊದಲ ಕಲಾವಿದ ವಿದ್ಯಾರ್ಥಿಯ ತುಟಿಯನ್ನೇ ಮುಖದ ತುಂಬ ಬರೆದುಕೊಟ್ಟದ್ದರಿಂದ ಆ ಹಣ ದಂಡವಾಯಿತು. ಇನ್ನೊಬ್ಬರಿಂದ ಮತ್ತೆ ಬರೆಸಿದೆ.

ವರದಿಗಾರರನ್ನು ಸಾಲಾಗಿ ಕೂರಿಸಿದೆ: ಚಿತ್ರ ನೋಡಿದವನು ನೋಡದವನಿಗೆ, ಅವನು ಮುಂದಿನವನಿಗೆ ಹೇಳಬೇಕು. ನಾಲ್ಕನೆಯವನ ಬಾಯಲ್ಲಿ ಚೂರಿ ವಿದ್ಯಾರ್ಥಿಯ ಕೈಗೆ ಬಂದಿತ್ತು, ಫೈಲು ಮಾಯವಾಗಿತ್ತು. ಚಿತ್ರವನ್ನು ಗೋಡೆಗೆ ಅಂಟಿಸಿದಾಗ ಯಾರೂ ಮಾತಾಡಲಿಲ್ಲ. ಹಿರಿಯರು ಮಾತ್ರ ಕನ್ನಡಕ ಒರೆಸಿಕೊಂಡು ಎರಡನೇ ಸಲ ನೋಡಿದರು.

ಕುತೂಹಲಕ್ಕೆಂದು ವಿದ್ಯಾರ್ಥಿಯ ಜಾಗದಲ್ಲಿ ಮಣಿಪುರದ ಯುವಕನನ್ನು ಇಟ್ಟು ನೋಡಿದೆ. ಚೂರಿ ಕದಲಲಿಲ್ಲ, ಆದರೆ ಅವನ ಕೈಗೆ ಗೂರ್ಖಾನ ಲಾಠಿ ಬಂತು! ಲಂಬಾಣಿ ಮಹಿಳೆಯ ಚಿತ್ರವನ್ನು ತಾಂಡಾದಿಂದಲೇ ಬಂದ ವರದಿಗಾರನೊಬ್ಬ ವಿವರಿಸಿದಾಗ ಅವಳ ವಯಸ್ಸು, ನಡಿಗೆ, ಹೆಗಲ ಚೀಲ ಎಲ್ಲವೂ ಉಳಿದವು. ಉಳಿದವರು ಕನ್ನಡಿ ಹೊಲಿದ ಉಡುಪನ್ನು ದಾಟಿ ಮುಂದೆ ಹೋಗಲಿಲ್ಲ.

ಅಂದಿನಿಂದ ನಮ್ಮ ಕ್ರಮ ಹೀಗಿದೆ: ಮೊದಲು ಕೈ ಏನು ಮಾಡುತ್ತಿತ್ತು, ಆಮೇಲೆ ಬಟ್ಟೆ, ಎತ್ತರ, ಗುರುತು; ಮೈಬಣ್ಣ, ಎಲ್ಲರಿಗೂ ಬರೆಯುವುದಾದರೆ ಮಾತ್ರ ಹೊರಗಿನವನಿಗೂ; ಜನಾಂಗದ ಹೆಸರು, ಅದಿಲ್ಲದೆ ಸುದ್ದಿಯೇ ಅರ್ಥವಾಗದಿದ್ದರೆ ಮಾತ್ರ. ಕೆಲವು ಸಮುದಾಯಗಳನ್ನೇ ಹುಟ್ಟು ಅಪರಾಧಿಗಳೆಂದು ಎಣಿಸಿದ್ದ, 1871ರಲ್ಲಿ ಬ್ರಿಟಿಷರು ಶುರುಮಾಡಿದ ಅಪರಾಧಿ ಬುಡಕಟ್ಟುಗಳ ಕಾಯ್ದೆ 1952ರಲ್ಲೇ ರದ್ದಾಗಿದ್ದರೂ, ಅಲೆಮಾರಿಗಳ ಜಾತಿಯನ್ನು ಮೊದಲ ಸಾಲಿಗೇ ತರುವ ಚಾಳಿ ನಮ್ಮ ಪ್ರತಿಗಳಲ್ಲಿ ಉಳಿದೇ ಇತ್ತು; ಅದು ಈಗ ಹತ್ತರಲ್ಲಿ ಒಂದೆರಡಕ್ಕೆ ಇಳಿದಿದೆ. ಚಿತ್ರದುರ್ಗದ ಗೆಳೆಯರೂ ಚಿತ್ರ ಕೇಳಿ ಒಯ್ದರು. ಸಾಲಿನಲ್ಲಿ ಮೊದಲು ಯಾರನ್ನು ಕೂರಿಸಬೇಕೆಂಬುದನ್ನು ಮಾತ್ರ ಅವರಿಗೂ ಹೇಳಿಲ್ಲ. ಈಗ ಒಂದು ತರಬೇತಿಗೆ ಹೆಚ್ಚೆಂದರೆ ಮುನ್ನೂರು ರೂಪಾಯಿ ತಗಲುತ್ತದೆ, ಅದೂ ಬಹುಪಾಲು ಮಂಡಕ್ಕಿ ಮಿರ್ಚಿಗೆ.