ಮೊದಲ ದಿನ ಚಿಕ್ಕಪೇಟೆಗೆ ದುಡ್ಡು ಒಯ್ಯಲಿಲ್ಲ

ದೊಡ್ಡ ಮಗಳ ಮದುವೆಯ ಜವಳಿಯನ್ನು ಒಂದೇ ದಿನದಲ್ಲಿ ಮುಗಿಸಿಬಿಡುವ ಹಟ ನನ್ನದಾಗಿತ್ತು. ಮಧ್ಯಾಹ್ನ ಮೂರರ ಹೊತ್ತಿಗೆ ಕಾಲು ಸೋತು, ಯಾವುದೋ ಮಹಡಿ ಅಂಗಡಿಯ ದೀಪದ ಬೆಳಕಿನಲ್ಲಿ ಗಿಳಿಹಸಿರು ಎಂದು ನಂಬಿ ಒಂದು ಸೀರೆ ತಂದೆ. ಮನೆಯ ಬಿಸಿಲಿಗೆ ಬಿಡಿಸಿ ನೋಡಿದರೆ ಬಾವಿಯ ಪಾಚಿಯ ಬಣ್ಣ. ಅಂಗಡಿಯವರು ಬದಲಿಸಿಕೊಡಲು ಒಪ್ಪಲಿಲ್ಲ. ಬೀಗಿತ್ತಿಗೆಂದು ಕೊಂಡದ್ದನ್ನು ಕೊನೆಗೆ ನಾನೇ ಉಟ್ಟೆ, ಈಗಲೂ ಗೊಣಗಿಕೊಂಡೇ ಉಡುತ್ತೇನೆ.

ಚಿಕ್ಕವಳ ಮದುವೆ ಗೊತ್ತಾದಾಗ ಬೇರೆ ದಾರಿ ಹಿಡಿದೆ. ಮೊದಲ ದಿನ ಮೆಟ್ರೊ ಮತ್ತು ಕಾಫಿಗೆ ಬೇಕಾದಷ್ಟೇ ಹಣ ಇಟ್ಟುಕೊಂಡೆ. ಮೊಬೈಲಿನಲ್ಲಿ ಹಣ ಕಳುಹಿಸಲು ಬಲ್ಲ ಮಗಳನ್ನು ಬೇಕೆಂದೇ ಮನೆಯಲ್ಲಿ ಬಿಟ್ಟು, ಓರಗಿತ್ತಿಯನ್ನು ಹೊರಡಿಸಿಕೊಂಡು ಹೋದೆ. ಬೆಂಗಳೂರಿನ ವಿಜಯನಗರದಿಂದ ಮೆಜೆಸ್ಟಿಕ್, ಅಲ್ಲಿ ಹಸಿರು ಮಾರ್ಗಕ್ಕೆ ಬದಲಾಯಿಸಿದರೆ ಮುಂದಿನ ನಿಲ್ದಾಣವೇ ಚಿಕ್ಕಪೇಟೆ. 2017ರಲ್ಲಿ ಆ ಸುರಂಗ ಮಾರ್ಗ ತೆರೆಯುವ ಮೊದಲು ಅರ್ಧ ಶಕ್ತಿ ಆಟೊದವರ ಜೊತೆ ವಾದಿಸುವುದರಲ್ಲೇ ಮುಗಿಯುತ್ತಿತ್ತು.

ಕೆಂಪೇಗೌಡರ ಕಾಲದ ಈ ಪೇಟೆಗೆ ನಕ್ಷೆ ಬೇಕಿಲ್ಲ, ಹೆಸರುಗಳೇ ನಕ್ಷೆ: ಅಕ್ಕಿಪೇಟೆ, ಅರಳೆಪೇಟೆ, ಬಳೇಪೇಟೆ. ಹಳೆಯ ಕಸುಬುಗಳು ಅಷ್ಟಿಷ್ಟು ಜಾಗ ಬದಲಿಸಿವೆ, ನಿಜ. ಬಳೇಪೇಟೆಯಲ್ಲಿ ವೀಣೆ, ತಬಲಾ ಅಂಗಡಿಗಳ ಮುಂದೆ ನಿಂತು ಓರಗಿತ್ತಿ ಬಂದ ಕೆಲಸವನ್ನೇ ಮರೆತಳು. ಆದರೂ ಒಂದು ಬಗೆಯ ಸರಕು ಒಂದೇ ಬೀದಿಯಲ್ಲಿ ಸಾಲಾಗಿರುವುದರಿಂದ ಹತ್ತು ಅಂಗಡಿಗಳ ಬೆಲೆ ಅರ್ಧ ಗಂಟೆಯಲ್ಲಿ ತಿಳಿಯುತ್ತದೆ. ಸೀರೆ, ಬೆಲೆ, ಅಂಗಡಿಯ ಗುರುತು, ಮೂರನ್ನೂ ಚೀಟಿಯಲ್ಲಿ ಬರೆದುಕೊಂಡೆ. ಮಾರುವವರಿಗೆ ಇದು ಹಿಡಿಸುವುದಿಲ್ಲ. ಒಬ್ಬರಂತೂ "ಏನಮ್ಮಾ, ತೆರಿಗೆ ಇಲಾಖೆಯವರಾ?" ಎಂದೇ ಕೇಳಿದರು.

ಎರಡನೆಯ ಬಾರಿ ಹಣದೊಂದಿಗೆ ಹೋದದ್ದು ವಾರದ ನಡುವೆ, ಬೆಳಿಗ್ಗೆ ಹನ್ನೊಂದಕ್ಕೆ. ಭಾನುವಾರ ಅನೇಕ ಸಗಟು ಅಂಗಡಿಗಳು ಬಾಗಿಲು ಹಾಕಿರುತ್ತವೆ. ಬಿಳಿ ಹಾಸಿನ ಮೇಲೆ ಕುಳಿತು ಧಾರೆ ಸೀರೆ ಆರಿಸಿದ ಮೇಲೆ, "ಸ್ವಲ್ಪ ಬಾಗಿಲ ತನಕ ತನ್ನಿ" ಎಂದೆ. ಹುಡುಗ ಮುಖ ಸಿಂಡರಿಸಿಕೊಂಡೇ ಮೆಟ್ಟಿಲಿಳಿದ. ಒಳಗೆ ಅಚ್ಚ ಕುಂಕುಮದಂತಿದ್ದ ಕೆಂಪು ಹೊರಗೆ ಕೊಂಚ ಕಿತ್ತಳೆಗೆ ತಿರುಗಿತು. ಮೂರನೆಯ ಸೀರೆಗೆ ಬಣ್ಣ ಎರಡೂ ಕಡೆ ಒಂದೇ ಇತ್ತು, ಅದನ್ನೇ ತೆಗೆದುಕೊಂಡೆ. ಅಪ್ಪಟ ರೇಷ್ಮೆಗೆ ಹಚ್ಚುವ ಸಿಲ್ಕ್ ಮಾರ್ಕ್ ಚೀಟಿ ಇದೆಯೇ ಎಂದು ನೋಡಿದೆ. ಅದಿಲ್ಲದ ಕಡೆ ಸೆರಗಿನ ತುದಿಯ ಒಂದೆರಡು ಎಳೆ ಕೇಳಿ ಪಡೆದು ಸುಟ್ಟು ನೋಡಬಹುದು: ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ, ಬೆರಳಿಗೆ ಪುಡಿಯಾಗುವ ಬೂದಿ, ಪಾಲಿಯೆಸ್ಟರ್ ಆದರೆ ಕರಗಿ ಗಟ್ಟಿ ಮಣಿಯಾಗುತ್ತದೆ.

ಒಂದು ಸೀರೆಗೆ ಚೌಕಾಸಿ ಮಾಡಿ ಹೆಚ್ಚೇನೂ ಗಿಟ್ಟಲಿಲ್ಲ. ಉಡುಗೊರೆಯ ಹನ್ನೆರಡು ಸೀರೆಗಳನ್ನು ಒಂದೇ ಕಡೆ ಕೊಳ್ಳುತ್ತೇವೆ ಎಂದ ಕೂಡಲೇ ಅದೇ ಮಾಲೀಕರು ಕಾಫಿ ತರಿಸಿ, ಬೆಲೆ ಇಳಿಸಿ, ಫಾಲ್ ಹಚ್ಚುವವರ ವಿಳಾಸವನ್ನೂ ಹೇಳಿದರು. ದೊಡ್ಡ ಮಗಳ ಸಲ ಹನ್ನೆರಡನ್ನು ಏಳು ಅಂಗಡಿಗಳಲ್ಲಿ ಕೊಂಡಿದ್ದೆನಲ್ಲ!

ಲಗ್ನಪತ್ರಿಕೆ ಅವೆನ್ಯೂ ರಸ್ತೆಯ ಆಸುಪಾಸಿನಲ್ಲೇ ಆಯಿತು. ಚಿನ್ನಕ್ಕೆ ಗೊತ್ತಿರುವ ಅಂಗಡಿಗೇ ಹೋದೆವು, ಆದರೂ ಒಡವೆಯ ಮೇಲಿನ ಆರು ಅಕ್ಷರ-ಅಂಕಿಗಳ ಹಾಲ್‌ಮಾರ್ಕ್ ಗುರುತನ್ನು ಭೂತಕನ್ನಡಿಯಲ್ಲಿ ತೋರಿಸಿಕೊಂಡೆ. ಬಾಸಿಂಗ, ಅರಿಶಿನದ ಕೊಂಬು, ಕೊಬ್ಬರಿಗೆಲ್ಲ ಗಾಂಧಿ ಬಜಾರಿನ ಗ್ರಂಧಿಗೆ ಅಂಗಡಿ. ಅಳಿಯನ ಪ್ಯಾಂಟು-ಷರಟನ್ನು ಮಕ್ಕಳು ಮಾಲ್‌ನಲ್ಲಿ ಕೊಂಡರು. ನಾನೂ ಹೋಗಿದ್ದೆ, ಮುಖ್ಯವಾಗಿ ಅಲ್ಲಿನ ತಂಪಿಗೆ.

ಉಳಿದದ್ದು ಹೂವು. 1928ರಿಂದ ಇರುವ ಕೃಷ್ಣರಾಜೇಂದ್ರ ಮಾರುಕಟ್ಟೆಗೆ ಮದುವೆಯ ಹಿಂದಿನ ದಿನ ಬೆಳಗಿನ ಜಾವ ಐದಕ್ಕೆ ಹೋದೆವು. ಬಿಡಿ ಸೇವಂತಿಗೆ ಕಿಲೋ ಲೆಕ್ಕ, ಕಟ್ಟಿದ ಮಲ್ಲಿಗೆ ಮಾರಿನ ಲೆಕ್ಕ. ಹೂವಿನವಳು ಗಿಡ್ಡ, ನನ್ನ ಓರಗಿತ್ತಿ ಎತ್ತರದವಳು. "ಅಕ್ಕಾ, ನಾನೇ ಅಳೆಯುತ್ತೇನೆ" ಎಂದು ಓರಗಿತ್ತಿ ತೋಳು ಚಾಚಿದಳು. ಹೂವಿನವಳು ದಂಡೆಯನ್ನು ಸರಕ್ಕನೆ ಹಿಂದಕ್ಕೆಳೆದುಕೊಂಡಳು.

"ಬೆಲೆ ಹೇಳಿದ್ದು ನನ್ನ ಮಾರಿಗೆ ತಾಯಿ, ನಿಮ್ಮದಕ್ಕಲ್ಲ."