ಫ್ಯಾನ್ ನಿಧಾನ ಆಯ್ತಾ? ಎಲೆಕ್ಟ್ರಿಷಿಯನ್ ಕರೆಸುವ ಮುಂಚೆ ಇದನ್ನು ಓದಿ

ರೆಗ್ಯುಲೇಟರ್ ಐದರಲ್ಲಿಟ್ಟರೂ ಫ್ಯಾನ್ ಆಮೆ ಥರ ತಿರುಗುತ್ತಿದ್ದರೆ ಹೊಸದು ತರಲು ಓಡಬೇಡಿ. ಬಹಳ ಸಲ ಹಾಳಾಗಿರುವುದು ಕೆಪಾಸಿಟರ್ ಮಾತ್ರ. ಫ್ಯಾನಿನ ಬಟ್ಟಲಿನೊಳಗೆ ಕೂತಿರುವ ಪುಟ್ಟ ಡಬ್ಬಿ ಅದು. ಮೇಲೆ ಸಾಮಾನ್ಯವಾಗಿ 2.5 ಮೈಕ್ರೋಫ್ಯಾರಡ್ ಅಂತ ಬರೆದಿರುತ್ತದೆ, ಬೆಲೆಯೂ ಕಡಿಮೆ.

ನಮ್ಮ ಮನೆಗೆ ಬಂದವನು ಫ್ಯಾನ್ ಬಿಚ್ಚಿಯೂ ನೋಡದೆ "ಕಾಯಿಲ್ ಸುಟ್ಟಿದೆ, ರಿವೈಂಡಿಂಗ್ ಮಾಡಿಸಬೇಕು" ಅಂದ. ಸುಟ್ಟ ವಾಸನೆಯೇ ಇರಲಿಲ್ಲ! ಇನ್ನೊಬ್ಬರನ್ನು ಕರೆಸಿದೆ. ಕೆಪಾಸಿಟರ್ ಬದಲಿಸಿದರು, ಹದಿನೈದು ನಿಮಿಷದಲ್ಲಿ ಗಾಳಿ ಬಂತು. ಆವತ್ತಿನಿಂದ ಕೆಲಸ ಶುರುವಾಗುವ ಮೊದಲೇ ಕೂಲಿ ಎಷ್ಟು, ಸಾಮಾನು ಯಾರು ತರಬೇಕು ಅಂತ ಕೇಳಿಬಿಡುತ್ತೇನೆ. ತೆಗೆದ ಹಳೇ ಸಾಮಾನನ್ನೂ ಇಸ್ಕೊಳ್ಳುತ್ತೇನೆ.

ಕೆಲಸಕ್ಕೆ ಮುಂಚೆ ಎಂಸಿಬಿ, ಅಂದರೆ ಮೇನ್ ಬೋರ್ಡಿನಲ್ಲಿ ಆ ಲೈನಿನ ಕರೆಂಟ್ ಕಡಿಯುವ ಸ್ವಿಚ್, ಆಫ್ ಮಾಡಿಸಿ. ಗೋಡೆಯ ಸ್ವಿಚ್ ಒಂದನ್ನೇ ನಂಬಬೇಡಿ, ಹಳೇ ವೈರಿಂಗ್‌ನಲ್ಲಿ ಫೇಸ್, ನ್ಯೂಟ್ರಲ್ ಅದಲುಬದಲಾಗಿರುವುದು ಉಂಟು. ಆಗ ಸ್ವಿಚ್ ಆಫ್ ಇದ್ದರೂ ಫ್ಯಾನಿನಲ್ಲಿ ಕರೆಂಟ್ ಇರುತ್ತದೆ.

ಹೊಸ ಫ್ಯಾನ್ ಹಾಕಿಸುವಾಗ ಏಣಿಯ ಹತ್ತಿರವೇ ನಿಂತು ಒಂದು ವಿಷಯ ನೋಡಿ. ಕೊಕ್ಕೆಗೆ ಹಾಕುವ ಬೋಲ್ಟಿನ ತುದಿಯಲ್ಲಿ ಸ್ಪ್ಲಿಟ್ ಪಿನ್ ಇರುತ್ತದೆ. ಅದನ್ನು ತೂರಿಸಿ, ಎರಡೂ ಕಾಲನ್ನು ಅಗಲಿಸಿ ಬಗ್ಗಿಸಬೇಕು. ಅವಸರದಲ್ಲಿ ಸುಮ್ನೆ ಸಿಕ್ಕಿಸಿ ಇಳಿದುಬಿಡುತ್ತಾರೆ. ತಲೆ ಮೇಲೆ ತಿರುಗುವ ವಸ್ತು ಅಲ್ವಾ, ಕೇಳಲು ಸಂಕೋಚ ಬೇಡ.

ಕಡಿಮೆ ಕರೆಂಟ್ ತಿನ್ನುವ ಹೊಸ ಬಗೆಯ ಬಿಎಲ್‌ಡಿಸಿ ಫ್ಯಾನ್ ಆದರೆ ಹಳೇ ರೆಗ್ಯುಲೇಟರ್ ತೆಗೆಸಿ, ನೇರ ಲೈನ್ ಕೊಡಿಸಿ. ವೇಗ ಸಾಮಾನ್ಯವಾಗಿ ರಿಮೋಟ್‌ನಲ್ಲೇ ಬದಲಾಗುತ್ತದೆ. ದುಡ್ಡು ಕೊಡುವ ಮುಂಚೆ ಹತ್ತು ನಿಮಿಷ ಫುಲ್ ಸ್ಪೀಡಲ್ಲಿ ಓಡಿಸಿ ನೋಡಿ. ಓಲಾಡುತ್ತಿದ್ದರೆ ಏಣಿ ಇರುವಾಗಲೇ ಹೇಳಿ.